ಮತ್ತೆ ಮುಟ್ಟಲಾಗದ ಯಂತ್ರ

ಮನುಷ್ಯನು ತನ್ನ ಕೈಯಿಂದ ನಿರ್ಮಿಸಿದ ವಸ್ತುಗಳಲ್ಲಿ ಬಹುತೇಕ ಎಲ್ಲವೂ ದುರಸ್ತಿಗೆ ಒಳಪಡತಕ್ಕವು. ಸೇತುವೆ ಬಿರುಕು ಬಿಟ್ಟರೆ ಅದರ ಕೆಳಗೆ ಹೋಗಿ ನಿಂತು ನೋಡಬಹುದು. ನಡುನೀರಿನಲ್ಲಿ ಹಡಗಿನ ಯಂತ್ರ ನಿಂತರೆ ಅದರೊಳಗೇ ಇರುವ ಕುಶಲಿಗಳು ಇಳಿದು ಕೈಹಾಕಬಹುದು. ಗೋಪುರದ ಕಲ್ಲು ಸಡಿಲವಾದರೆ ನೂರು ವರ್ಷಗಳ ಮೇಲಾದರೂ ಇನ್ನೊಬ್ಬ ಶಿಲ್ಪಿ ಬಂದು ಅದನ್ನು ಕೂರಿಸಿಯಾನು. ಹಬಲ್ ದೂರದರ್ಶಕದಂಥ ಅತಿವಿರಳವಾದ ಅಪವಾದಗಳನ್ನು ಬಿಟ್ಟರೆ, ಕೃತಕ ಉಪಗ್ರಹವೊಂದೇ ಈ ಸಾಮಾನ್ಯ ನಿಯಮದ ಹೊರಗೆ ನಿಂತಿರುವುದು. ಅದು ನೆಲವನ್ನು ಬಿಟ್ಟ ಕ್ಷಣದಿಂದ ಮೊದಲ್ಗೊಂಡು ಅದನ್ನು ಮಾಡಿದವನ ಬೆರಳು ಅದಕ್ಕೆ ತಗಲುವಂತಿಲ್ಲ. ಅಂತರಿಕ್ಷ ವಿಜ್ಞಾನವನ್ನೂ ಅದರ ಯಂತ್ರಶಿಲ್ಪವನ್ನೂ ವೃತ್ತಿಯನ್ನಾಗಿ ಹಿಡಿದವರ ಕಷ್ಟಗಳನ್ನು ಕುರಿತು ಯಾರಾದರೂ ಕೇಳಿದಾಗ ಗಣಿತದ ಕಾಠಿನ್ಯವನ್ನೂ ಹಣದ ಅಭಾವವನ್ನೂ ಮೊದಲು ಹೇಳುವ ವಾಡಿಕೆಯಿದೆ. ಅವು ಸುಳ್ಳಲ್ಲ. ಆದರೆ ಬೆಂಗಳೂರಿನಲ್ಲಿ ಈ ಕಸುಬು ನೆಲೆಗೊಂಡ ಮೊದಲ ಇಪ್ಪತ್ತು ವರ್ಷಗಳ ಇತಿಹಾಸವನ್ನು ನೋಡಿದರೆ, ಆ ಕಷ್ಟಗಳೆಲ್ಲಕ್ಕೂ ತಾಯಿಬೇರು ಈ ಮುಟ್ಟಲಾಗದ ಸ್ಥಿತಿಯೇ ಎಂಬುದು ವಿಶದವಾಗುತ್ತದೆ.

ಭಾರತದ ಅಂತರಿಕ್ಷ ಪ್ರಯತ್ನಗಳು ಕೇರಳದ ತುಂಬಾ ಎಂಬ ಬೆಸ್ತರ ಹಳ್ಳಿಯಿಂದ 1963ರ ನವೆಂಬರ್ 21ರಂದು ಒಂದು ಸಣ್ಣ ರಾಕೆಟ್ಟನ್ನು ಹಾರಿಸುವುದರೊಂದಿಗೆ ಆರಂಭವಾದುವು. ಉಪಗ್ರಹವನ್ನೇ ನಾವು ನಿರ್ಮಿಸಬೇಕೆಂಬ ಸಂಕಲ್ಪ ವಿಕ್ರಮ್ ಸಾರಾಭಾಯಿಯವರದು. ಅದನ್ನು ನೆರವೇರಿಸಲು ಅವರು ಆರಿಸಿಕೊಂಡದ್ದು ತಮ್ಮ ಶಿಷ್ಯರೂ ಉಡುಪಿಯ ಸಮೀಪದ ಅದಮಾರಿನಲ್ಲಿ ಜನಿಸಿದವರೂ ಆದ ಪ್ರೊಫೆಸರ್ ಉಡುಪಿ ರಾಮಚಂದ್ರ ರಾಯರನ್ನು. ರಾಯರು ಅಮೆರಿಕದಲ್ಲಿ ಕೆಲವು ಕಾಲ ಇದ್ದು, ಪಯೋನಿಯರ್ ನೌಕೆಗಳ ಮೇಲೆ ವಿಶ್ವಕಿರಣಗಳ ಅಧ್ಯಯನ ನಡೆಸಿ ಹಿಂದಿರುಗಿದ್ದವರು. 1971ರ ಡಿಸೆಂಬರ್ 30ರಂದು ಸಾರಾಭಾಯಿಯವರು ಅಕಾಲದಲ್ಲಿ ತೀರಿಕೊಂಡರು. ಆದರೆ ಮಾತುಕತೆಗಳು ತುಂಡಾಗಲಿಲ್ಲ. 1972ರ ಮೇ 10ರಂದು ಸೋವಿಯತ್ ವಿಜ್ಞಾನ ಅಕಾಡೆಮಿಗೂ ಭಾರತಕ್ಕೂ ಒಪ್ಪಂದವಾಗಿ, ಉಪಗ್ರಹವನ್ನು ನಾವು ನಿರ್ಮಿಸತಕ್ಕದ್ದೆಂದೂ ಅದನ್ನು ಅವರು ತಮ್ಮ ರಾಕೆಟ್ಟಿನಲ್ಲಿ ಕಕ್ಷೆಗೆ ಏರಿಸತಕ್ಕದ್ದೆಂದೂ ನಿಶ್ಚಯವಾಯಿತು. ಅದೇ ವರ್ಷ ಭಾರತೀಯ ಅಂತರಿಕ್ಷ ಸಂಶೋಧನಾ ಸಂಸ್ಥೆಯ ಅಧ್ಯಕ್ಷತೆಯನ್ನು ವಹಿಸಿಕೊಂಡ ಸತೀಶ್ ಧವನ್ ಅವರು, ತಾವು ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕತ್ವವನ್ನು ಬಿಡುವುದಿಲ್ಲವೆಂದೂ ಸಂಸ್ಥೆಯ ಕೇಂದ್ರಸ್ಥಾನ ಬೆಂಗಳೂರಿನಲ್ಲಿಯೇ ಇರಬೇಕೆಂದೂ ಮೊದಲೇ ತಿಳಿಸಿ ಒಪ್ಪಿಗೆ ಪಡೆದಿದ್ದರು. ಎಚ್.ಎ.ಎಲ್., ಬಿ.ಇ.ಎಲ್., ಎನ್.ಎ.ಎಲ್. ಮುಂತಾದ ಸಂಸ್ಥೆಗಳು ಅದಾಗಲೇ ಬೇರೂರಿದ್ದ ಊರು ಇದು. ಲೋಹವನ್ನು ಕೂದಲೆಳೆಯಷ್ಟು ನಿಖರವಾಗಿ ಕಡೆಯಬಲ್ಲವರೂ ವಿದ್ಯುನ್ಮಾನದ ಸೂಕ್ಷ್ಮವನ್ನು ಬಲ್ಲವರೂ ಇಲ್ಲಿ ದೊರೆಯುತ್ತಿದ್ದರು.

ದೊರೆಯದೆ ಇದ್ದುದು ಕಟ್ಟಡ. ತುಮಕೂರು ರಸ್ತೆಯ ಪೀಣ್ಯವು ಆಗ ಊರಿನ ಹೊರಗೆ ಹೊಸದಾಗಿ ತಲೆಯೆತ್ತುತ್ತಿದ್ದ ಕೈಗಾರಿಕಾ ಬಡಾವಣೆ. ಅಲ್ಲಿ ಸಣ್ಣ ಕಾರ್ಖಾನೆಗಳಿಗೆಂದು ಕಟ್ಟಿದ್ದ, ಕಲ್ನಾರು ಶೀಟು ಹೊದಿಸಿದ ಕೆಲವು ಶೆಡ್ಡುಗಳನ್ನು ಬಾಡಿಗೆಗೆ ಹಿಡಿದು, 1972ರ ಉತ್ತರಾರ್ಧದಲ್ಲಿ ರಾಯರ ತಂಡ ಕೆಲಸಕ್ಕೆ ತೊಡಗಿತು. ತಂಡದವರು ಬಹುಪಾಲು ಇಪ್ಪತ್ತರ ಹರೆಯದ ತರುಣರು. ರಾಯರನ್ನು ಬಿಟ್ಟರೆ ಅಂತರಿಕ್ಷಕ್ಕೆ ಹೋಗುವ ಯಂತ್ರವೊಂದನ್ನು ಹತ್ತಿರದಿಂದ ಕಂಡಿದ್ದವರು ಅವರಲ್ಲಿ ಇಲ್ಲವೆನ್ನುವಷ್ಟು ಕಡಮೆ. ಅವರು ಎದುರಿಸಿದ ಮೊದಲ ಶತ್ರು ಧೂಳು. ಒಂದು ಕಣ ಧೂಳು, ಬೆಸುಗೆಯಿಂದ ಸಿಡಿದ ಲೋಹದ ಒಂದು ಹುಡಿ, ನೆಲದ ಮೇಲೆ ಎಲ್ಲಿಯೋ ಒಂದೆಡೆ ಬಿದ್ದು ಸುಮ್ಮನಿರುತ್ತದೆ. ತೂಕವಿಲ್ಲದ ಸ್ಥಿತಿಯಲ್ಲಾದರೋ ಅದು ತೇಲಾಡಿ ಎರಡು ತಂತಿಗಳ ನಡುವೆ ಹೋಗಿ ಕೂತು ಇಡೀ ಯಂತ್ರವನ್ನು ನಿಶ್ಚೇಷ್ಟಗೊಳಿಸಬಲ್ಲದು. ಆದಕಾರಣ ಆ ಶೆಡ್ಡಿನ ಒಳಗೇ ಶುದ್ಧಗಾಳಿಯ ಕೋಣೆಯೊಂದನ್ನು ನಿರ್ಮಿಸಿ, ಬಿಳಿಯ ನಿಲುವಂಗಿ ಟೋಪಿಗಳನ್ನು ಧರಿಸಿ, ಹೊರಗಿನ ಬಡಾವಣೆಯ ಗದ್ದಲವೂ ಹುಡಿಯೂ ಒಳಗೆ ಬಾರದ ಹಾಗೆ ಕಾಪಾಡಿಕೊಂಡು ಅವರು ದುಡಿಯಬೇಕಾಯಿತು.

ಆ ಯಂತ್ರದ ಸ್ವರೂಪವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. ಇಪ್ಪತ್ತಾರು ಮುಖಗಳುಳ್ಳ, ಹೆಚ್ಚುಕಡಮೆ ಗೋಳಾಕಾರದ, 360 ಕಿಲೋಗ್ರಾಂ ತೂಕದ ಪೆಟ್ಟಿಗೆ ಅದು. ಮೇಲಣ ಮತ್ತು ಕೆಳಗಣ ಮುಖಗಳ ಹೊರತು ಉಳಿದ ಇಪ್ಪತ್ತನಾಲ್ಕರ ಮೇಲೂ ಸೌರಕೋಶಗಳು. ಅವೆಲ್ಲ ಕೂಡಿ ಕೊಡುತ್ತಿದ್ದ ವಿದ್ಯುತ್ತು ಸುಮಾರು 46 ವಾಟ್. ಆ ಕಾಲದ ಮನೆಯ ಒಂದು ಸಾಧಾರಣ ದೀಪಕ್ಕೆ ಬೇಕಾಗುತ್ತಿದ್ದಷ್ಟು. ಇಷ್ಟರಲ್ಲಿಯೇ ರೇಡಿಯೋ ಮಾತನಾಡಬೇಕು, ಉಪಕರಣಗಳು ನಡೆಯಬೇಕು, ಬ್ಯಾಟರಿ ತುಂಬಬೇಕು. ಸುಮಾರು 96 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಈ ಯಂತ್ರಕ್ಕೆ ನಮ್ಮ ಒಂದು ದಿನದಲ್ಲಿ ಹದಿನೈದು ಹಗಲು, ಹದಿನೈದು ಇರುಳು. ಹಗಲಿನಲ್ಲಿ ಬಿಸಿಲು ತಡೆಯಿಲ್ಲದೆ ಸುಡುತ್ತದೆ. ನೆರಳಿಗೆ ಹೋದೊಡನೆ ಕೊರೆಯುವ ಶೈತ್ಯ. ಶಾಖವನ್ನು ಹೊತ್ತೊಯ್ಯಲು ಅಲ್ಲಿ ಗಾಳಿಯೆಂಬುದಿಲ್ಲವಾದುದರಿಂದ, ಮೈಗೆ ಬಳಿಯುವ ಬಣ್ಣವನ್ನೂ ಮೇಲ್ಮೈಯ ನುಣುಪನ್ನೂ ಲೆಕ್ಕಹಾಕಿ ಆರಿಸುವುದರ ಮೂಲಕವೇ ಒಳಗಿನ ಉಷ್ಣವನ್ನು ಹದವಾಗಿರಿಸಬೇಕು. ಸೌರಕೋಶ, ಬ್ಯಾಟರಿ, ಟೇಪ್ ರೆಕಾರ್ಡರ್, ಉಪಗ್ರಹವನ್ನು ಬುಗುರಿಯಂತೆ ತಿರುಗಿಸುವುದಕ್ಕೆ ಬೇಕಾದ ಅನಿಲದ ಸೀಸೆಗಳು, ಇವು ಸೋವಿಯತ್ ದೇಶದಿಂದ ಬಂದುವು. ಉಳಿದುದರ ಯೋಚನೆಯೂ ಜೋಡಣೆಯೂ ಪರೀಕ್ಷೆಯೂ ಇಲ್ಲಿಯವರದು.

ಪರೀಕ್ಷೆ ಎಂಬುದು ಈ ಕಸುಬಿನಲ್ಲಿ ನಿರ್ಮಾಣಕ್ಕಿಂತ ದೀರ್ಘವಾದದ್ದು. ಒಂದೊಂದು ಬೆಸುಗೆಯನ್ನೂ ಭೂತಗನ್ನಡಿಯ ಕೆಳಗಿಟ್ಟು ನೋಡಿ, ಬಿಡಿಭಾಗವನ್ನು ಬೇರೆ, ಪೆಟ್ಟಿಗೆಯನ್ನು ಬೇರೆ, ಪೂರ್ಣಯಂತ್ರವನ್ನು ಬೇರೆ ಎಂದು ಹಂತಹಂತವಾಗಿ ಅಲುಗಾಡಿಸಿ, ಕಾಯಿಸಿ, ತಣಿಸಿ, ನಿರ್ವಾತದ ಕೋಷ್ಠದಲ್ಲಿ ದಿನಗಟ್ಟಲೆ ಇರಿಸಿ, ಹೀಗೆ ಅಂತರಿಕ್ಷವು ಆ ಯಂತ್ರಕ್ಕೆ ಒಡ್ಡಬಹುದಾದ ಹಿಂಸೆಯನ್ನೆಲ್ಲ ಅದನ್ನು ಹೆತ್ತವರೇ ಮೊದಲು ಒಡ್ಡಬೇಕು. ಪರೀಕ್ಷೆಯಲ್ಲಿ ದೋಷ ಕಂಡರೆ ಬಿಚ್ಚಿ ಸರಿಪಡಿಸಬೇಕು. ಬಿಚ್ಚಿದ ಮೇಲೆ, ಅದುವರೆಗೆ ನಡೆದ ಪರೀಕ್ಷೆಗಳನ್ನು ಮತ್ತೆ ಮೊದಲಿನಿಂದ ನಡೆಸಬೇಕು. ಹೊರಗಿನವರ ಕಣ್ಣಿಗೆ ಬೀಳುವುದು ಅಗ್ನಿಯನ್ನು ಉಗುಳುತ್ತ ಏರುವ ರಾಕೆಟ್ಟು. ಆದರೆ ಒಬ್ಬ ತಂತ್ರಜ್ಞನ ಆಯುಷ್ಯದ ಬಹುಭಾಗ ಕಳೆಯುವುದು ಈ ಪುನರಾವರ್ತನೆಯಲ್ಲಿ. ದೋಷ ಕಾಣಲಿಲ್ಲವೆಂಬುದರಿಂದ ದೋಷವಿಲ್ಲವೆಂದು ಸಿದ್ಧವಾಗುವುದಿಲ್ಲ. ಇನ್ನೂ ಒಂದು ಸಲ ನೋಡಬೇಕಾಗಿತ್ತೇನೋ ಎಂಬ ಸಂದೇಹ ಉಡ್ಡಯನದ ಕ್ಷಣದವರೆಗೂ ಮನಸ್ಸನ್ನು ಕೊರೆಯುತ್ತಲೇ ಇರುತ್ತದೆ. ದೇಹಶ್ರಮಕ್ಕಿಂತ ಈ ಸಂದೇಹವನ್ನು ಹೊರುವ ಶ್ರಮ ದೊಡ್ಡದೆಂದು ನನ್ನ ಭಾವನೆ.

1975ರ ಏಪ್ರಿಲ್ 19ರಂದು ವೋಲ್ಗಾ ನದಿಯ ಪ್ರಾಂತದ ಕಪೂಸ್ತಿನ್ ಯಾರ್ ಎಂಬ ಉಡ್ಡಯನಸ್ಥಳದಿಂದ, ಕಾಸ್ಮಾಸ್ ಜಾತಿಯ ರಾಕೆಟ್ಟಿನ ಮೇಲೆ, ಆರ್ಯಭಟವೆಂಬ ಹೆಸರನ್ನು ಹೊತ್ತು ಈ ಯಂತ್ರ ಕಕ್ಷೆಯನ್ನು ಸೇರಿತು. ಅದರ ಧ್ವನಿಯನ್ನು ಆಲಿಸಲು ಶ್ರೀಹರಿಕೋಟೆಯಲ್ಲಿಯೂ ಮಾಸ್ಕೋ ಸಮೀಪದಲ್ಲಿಯೂ ನಿಲ್ದಾಣಗಳಿದ್ದುವು. ಬೆಂಗಳೂರಿನಲ್ಲಿಯೂ ಒಂದು ಸ್ವೀಕಾರಕೇಂದ್ರ ಬೇಕಾಗಿ, ಬೇರೆ ಸ್ಥಳವಿಲ್ಲದೆ, ಒಂದು ಶೌಚಾಲಯವನ್ನೇ ತೆರವು ಮಾಡಿ ಅಲ್ಲಿ ಉಪಕರಣಗಳನ್ನು ಕೂರಿಸಿದರೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಅದನ್ನು ಒಂದು ವಿನೋದದ ಕಥೆಯಾಗಿ ಹೇಳಿ ಮುಗಿಸುವುದನ್ನು ಕೇಳಿದಾಗ ನನಗೆ ಕಸಿವಿಸಿಯಾಗುತ್ತದೆ. ಆ ಇಕ್ಕಟ್ಟಾದ ಕೋಣೆಯಲ್ಲಿ ಕುಳಿತವರು, ಕೆಲವೇ ನಿಮಿಷಗಳ ಕಾಲ ದಿಗಂತದ ಮೇಲೆ ಹಾದುಹೋಗುವ ಯಂತ್ರದ ಕ್ಷೀಣವಾದ ಸಂಕೇತಗಳಿಂದ ಅದರ ಕ್ಷೇಮವನ್ನು ಅರಿಯಬೇಕಾಗಿದ್ದವರು. ಸಂಕೇತ ನಿಂತ ಮೇಲೆ ಮುಂದಿನ ಸುತ್ತು ಬರುವ ತನಕ ಊಹೆಯೊಂದೇ ಅವರ ಪಾಲಿಗೆ ಉಳಿಯುತ್ತಿದ್ದುದು.

ಆ ಊಹೆಗೆ ಕಠೋರವಾದ ಪರೀಕ್ಷೆ ಬಂದುದು ನಾಲ್ಕು ದಿನಗಳಲ್ಲಿ. ಆರ್ಯಭಟದ ಒಡಲಲ್ಲಿ ಮೂರು ವೈಜ್ಞಾನಿಕ ಪ್ರಯೋಗಗಳಿದ್ದುವು: ನಕ್ಷತ್ರಲೋಕದಿಂದ ಬರುವ ಕ್ಷಕಿರಣಗಳ ಅಧ್ಯಯನ ಒಂದು, ಸೂರ್ಯನಿಂದ ಹೊಮ್ಮುವ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳ ಶೋಧನೆ ಇನ್ನೊಂದು, ಮೇಲ್ವಾಯುಮಂಡಲದ ಪರಿಶೀಲನೆ ಮೂರನೆಯದು. ಸುಮಾರು ಅರವತ್ತು ಸುತ್ತುಗಳಾಗುವಷ್ಟರಲ್ಲಿ ಪ್ರಯೋಗಗಳಿಗೆ ಹೋಗುತ್ತಿದ್ದ ವಿದ್ಯುತ್ತಿನಲ್ಲಿ ದೋಷ ತಲೆದೋರಿ, ಅವು ನಿಂತುಹೋದುವು. ಎರಡೂವರೆ ವರ್ಷಗಳ ಸಿದ್ಧತೆಗೆ ಪ್ರತಿಯಾಗಿ ವಿಜ್ಞಾನಿಗಳ ಕೈಗೆ ಬಂದುದು ಕೆಲವೇ ಸುತ್ತುಗಳ ದತ್ತಾಂಶ. ಆ ಅಲ್ಪದಲ್ಲಿಯೂ ಸಿಗ್ನಸ್ ಎಕ್ಸ್-1 ಎಂಬ ಕ್ಷಕಿರಣಮೂಲದ ವೀಕ್ಷಣೆ ಸೇರಿದ್ದು, ಅದನ್ನು ಅವರು ವ್ಯರ್ಥಗೊಳಿಸದೆ ಪ್ರಕಟಿಸಿದರು. ಯಂತ್ರಶಿಲ್ಪಿಗಳ ದೃಷ್ಟಿಯಿಂದ ಆರ್ಯಭಟ ವಿಜಯವೇ ಸರಿ: ಅದರ ಮುಖ್ಯಾಂಗಗಳು 1981ರ ಮಾರ್ಚ್ ಪರ್ಯಂತ ಸಜೀವವಾಗಿದ್ದುವೆಂದು ಸಂಸ್ಥೆಯ ದಾಖಲೆ ಹೇಳುತ್ತದೆ, ಮತ್ತು ಉಪಗ್ರಹ ನಿರ್ಮಾಣದ ವಿದ್ಯೆ ನಮ್ಮದಾಗಬೇಕೆಂಬ ಉದ್ದೇಶ ನೆರವೇರಿತು. ಎರಡು ರೂಪಾಯಿಯ ನೋಟಿನ ಮೇಲೆ ಅದರ ಚಿತ್ರ ಅಚ್ಚಾಗಿ ಹಳ್ಳಿಹಳ್ಳಿಯ ಸಂತೆಗಳಲ್ಲಿ ಕೈಯಿಂದ ಕೈಗೆ ಓಡಾಡಿತು. ಆದರೆ ಪ್ರಯೋಗವನ್ನು ಹೂಡಿದ್ದ ವಿಜ್ಞಾನಿಯ ಸ್ಥಿತಿಯನ್ನು ನೆನೆಯೋಣ. ತನ್ನ ಉಪಕರಣ ಅಲ್ಲಿ, ತಲೆಯ ಮೇಲೆ ಆರುನೂರು ಕಿಲೋಮೀಟರು ದೂರದಲ್ಲಿ, ಬಹುಶಃ ಸ್ವಸ್ಥವಾಗಿಯೇ ಇದೆ. ಅದಕ್ಕೆ ಉಣಿಸಬೇಕಾದ ತಂತಿಯೊಂದು ಮಾತ್ರ ಕೆಟ್ಟಿದೆ. ಅದು ದಿನಕ್ಕೆ ಹದಿನೈದು ಸಲ ಭೂಮಿಯನ್ನು ಬಳಸಿ ಹೋಗುತ್ತಿದೆ. ತಾನು ಮಾಡಬಹುದಾದುದು ಏನೂ ಇಲ್ಲ. ದೂರವನ್ನೇ ನೋಡಿದರೆ ಅದು ಬೆಂಗಳೂರಿಗೂ ಹೈದರಾಬಾದಿಗೂ ನಡುವಣ ದಾರಿಗಿಂತ ಬಹಳ ಹೆಚ್ಚೇನಲ್ಲ.

ಇಂಥ ನಿಸ್ಸಹಾಯತೆಯಲ್ಲಿಯೂ ಉಪಾಯವಿಲ್ಲದೆ ಇಲ್ಲವೆಂಬುದನ್ನು ಮುಂದಿನ ಉಪಗ್ರಹ ಕಲಿಸಿತು. 1979ರ ಜೂನ್ 7ರಂದು ಕಕ್ಷೆಗೆ ಏರಿದ ಭಾಸ್ಕರದಲ್ಲಿ ನೆಲವನ್ನು ಚಿತ್ರಿಸುವ ದೂರದರ್ಶನ ಕ್ಯಾಮೆರಾಗಳಿದ್ದುವು. ಕ್ಯಾಮೆರಾದೊಳಗೆ ಸಿಕ್ಕಿಬಿದ್ದ ಅನಿಲದಿಂದಾಗಿ, ಹೆಚ್ಚು ವೋಲ್ಟಿನ ವಿದ್ಯುತ್ತು ಹರಿದೊಡನೆ ಕಿಡಿ ಹಾರುವ ಭಯವಿದ್ದುದರಿಂದ ಅವನ್ನು ಚಾಲನೆಗೊಳಿಸುವಂತಿರಲಿಲ್ಲ. ತಂಡದವರು ಆತುರಪಡಲಿಲ್ಲ. ಅಂತರಿಕ್ಷದ ನಿರ್ವಾತವೇ ಆ ಅನಿಲವನ್ನು ಮೆಲ್ಲಮೆಲ್ಲಗೆ ಹೀರಿ ತೆಗೆಯುವುದೆಂಬ ತರ್ಕದಿಂದ ಸುಮಾರು ಒಂದು ವರ್ಷ ಕಾದರು. 1980ರ ಮೇ ತಿಂಗಳಲ್ಲಿ ಒಂದು ಕ್ಯಾಮೆರಾವನ್ನು ಚಾಲನೆಗೊಳಿಸಿದಾಗ ಅದು ಚಿತ್ರಗಳನ್ನು ಕಳುಹಿಸಿತು. ಹನ್ನೊಂದು ತಿಂಗಳು ಏನನ್ನೂ ಮಾಡದೆ ಇರುವುದಕ್ಕೆ ಬೇಕಾದ ಧೈರ್ಯವನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಾರದು.

ಅನಂತರದ್ದು ಆಪಲ್. ಭೂಮಿಯಿಂದ 36,000 ಕಿಲೋಮೀಟರು ಎತ್ತರದಲ್ಲಿ ಒಂದೆಡೆ ನಿಂತಂತೆ ತೋರುವ ನಮ್ಮ ಮೊದಲ ಪ್ರಾಯೋಗಿಕ ಸಂಪರ್ಕ ಉಪಗ್ರಹ ಅದು; ಅದೂ ಬೆಂಗಳೂರಿನ ಕೈಗಾರಿಕಾ ಶೆಡ್ಡುಗಳಲ್ಲಿಯೇ ಬೆಳೆಯಿತು. ಎತ್ತಿನ ಗಾಡಿಯ ಮೇಲೆ ಅದನ್ನು ನಿಲ್ಲಿಸಿರುವ ಛಾಯಾಚಿತ್ರವನ್ನು ನೋಡದವರು ವಿರಳ. ನಮ್ಮ ಬಡತನದ ಕುರುಹೆಂದು ಅದನ್ನು ತೋರಿಸುವವರುಂಟು. ಅದು ಸರಿಯಾದ ತೀರ್ಮಾನವಲ್ಲ. ಆಂಟೆನಾದ ರೇಡಿಯೋ ಅಲೆಗಳನ್ನು ಬಯಲಿನಲ್ಲಿ ಅಳೆಯುವಾಗ ಸುತ್ತಲಿನ ಲೋಹವು ಅಳತೆಯನ್ನು ಕೆಡಿಸುತ್ತದೆ. ಮರದ ಗಾಡಿಯಲ್ಲಿ ಆ ತೊಂದರೆಯಿಲ್ಲ. ಕೈಗೆಟಕುವ ವಸ್ತುವಿನಿಂದ ಭೌತಶಾಸ್ತ್ರದ ಅಗತ್ಯವನ್ನು ಪೂರೈಸಿಕೊಂಡ ಬುದ್ಧಿವಂತಿಕೆ ಅದು. 1981ರ ಜೂನ್ 19ರಂದು ಐರೋಪ್ಯರ ಏರಿಯಾನ್ ರಾಕೆಟ್ಟು ಆಪಲ್ಲನ್ನು ಒಯ್ದಿತು. ಮೇಲೆ ಹೋದ ಬಳಿಕ ಅದರ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ. ನೆಲದ ಮೇಲಾಗಿದ್ದರೆ ಬೆರಳ ತುದಿಯಿಂದ ಸರಿಸಿಬಿಡಬಹುದಾಗಿದ್ದ ಅಡಚಣೆಯೋ ಏನೋ. ಅರ್ಧ ಶಕ್ತಿಯಲ್ಲಿಯೇ ಅದನ್ನು ಎರಡು ವರ್ಷಕ್ಕೂ ಮೀರಿ ನಡೆಯಿಸಿ, ಅದರಿಂದ ಸಂಪರ್ಕದ ಪ್ರಯೋಗಗಳನ್ನು ಮಾಡಿಸಿಕೊಂಡರು.

ಹಾಸನದ ಮುಖ್ಯ ನಿಯಂತ್ರಣ ಕೇಂದ್ರಕ್ಕೆ ಒದಗಿದ ಮೊದಲ ಅನುಭವ ಇದಕ್ಕಿಂತ ಕಹಿಯಾದದ್ದು. ಅಮೆರಿಕದ ಸಂಸ್ಥೆಯೊಂದು ನಿರ್ಮಿಸಿಕೊಟ್ಟ ಇನ್ಸಾಟ್-1ಎ 1982ರ ಏಪ್ರಿಲ್ 10ರಂದು ಮೇಲೇರಿತು. ಅದರಲ್ಲಿ ಮೊದಲಿನಿಂದಲೂ ಒಂದಲ್ಲ ಒಂದು ತೊಡಕು. ಸೌರಪಟ ಕೊನೆಗೂ ಬಿಚ್ಚಿಕೊಳ್ಳಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ, ಭೂಮಿಯನ್ನು ಗುರುತಿಸಬೇಕಾದ ಸಂವೇದಕದ ದೃಷ್ಟಿಗೆ ಚಂದ್ರನು ಅಡ್ಡಬಂದು, ಯಂತ್ರವು ಭೂಮಿಯ ದಿಕ್ಕನ್ನು ತಪ್ಪಿತು. ಅದನ್ನು ಮತ್ತೆ ಸರಿಗೊಳಿಸುವ ಯತ್ನದಲ್ಲಿ ಇಂಧನವೆಲ್ಲ ತೀರಿಹೋಯಿತು. ಏಳು ವರ್ಷ ಬಾಳಬೇಕೆಂದಿದ್ದುದು ಐದು ತಿಂಗಳಲ್ಲಿ ಮುಗಿಯಿತು. ಹಗಲಿರುಳು ಪಾಳಿಯ ಮೇಲೆ ಕುಳಿತು ಪರದೆಯ ಅಂಕಿಗಳನ್ನು ನೋಡುತ್ತಿದ್ದ ಹಾಸನದವರಿಗೆ, ಆ ಯಂತ್ರದ ಒಂದು ತಿರುಪನ್ನೂ ತಾವು ಬಿಗಿದಿರಲಿಲ್ಲವಾದರೂ, ಅದರ ಮರಣಕ್ಕೆ ಸಾಕ್ಷಿಗಳಾಗಿ ನಿಲ್ಲುವುದು ತಪ್ಪಲಿಲ್ಲ.

ಅನ್ಯರ ದೋಷದಿಂದ ತನ್ನ ಕೃತಿ ನಾಶವಾಗುವುದು ಈ ವೃತ್ತಿಯ ಇನ್ನೊಂದು ದುಃಖ. ಬೆಂಗಳೂರಿನವರು ನಿರ್ಮಿಸಿದ ಸ್ರಾಸ್ ಸರಣಿಯ ಉಪಗ್ರಹಗಳ ಕಥೆ ಇದಕ್ಕೆ ನಿದರ್ಶನ. ಮೊದಲನೆಯದನ್ನು ಹೊತ್ತ ಎ.ಎಸ್.ಎಲ್.ವಿ. ರಾಕೆಟ್ಟು 1987ರ ಮಾರ್ಚ್ 24ರಂದು ಬಿದ್ದಿತು: ಪಕ್ಕದ ಎರಡು ರಾಕೆಟ್ಟುಗಳು ಉರಿದು ಮುಗಿದ ಮೇಲೆ ಹೊತ್ತಿಕೊಳ್ಳಬೇಕಾದ ನಡುವಣ ಹಂತ ಹೊತ್ತಿಕೊಳ್ಳಲಿಲ್ಲ. ಎರಡನೆಯದು 1988ರ ಜುಲೈ 13ರಂದು ಬಿದ್ದಿತು. ಆ ಸಲ ಒಂದು ಹಂತ ಮುಗಿದು ಇನ್ನೊಂದು ತೊಡಗುವ ನಡುವಿನ ಕ್ಷಣಗಳಲ್ಲಿ ರಾಕೆಟ್ಟು ಹಿಡಿತ ತಪ್ಪಿತು. ಮುಂದೆ 1993ರ ಸೆಪ್ಟೆಂಬರ್ 20ರಂದು ಪಿ.ಎಸ್.ಎಲ್.ವಿ.ಯ ಮೊದಲ ಉಡ್ಡಯನದಲ್ಲಿ ಐ.ಆರ್.ಎಸ್.-1ಇ ಎಂಬ ದೂರಸಂವೇದಿ ಉಪಗ್ರಹವೂ ಸಮುದ್ರದ ಪಾಲಾಯಿತು; ಅಲ್ಲಿ ತಪ್ಪಿದ್ದು ನಿಯಂತ್ರಣದ ಕಂಪ್ಯೂಟರ್ ಕ್ರಮವಿಧಿಯಲ್ಲಿದ್ದ ಒಂದು ಲೋಪ. ಒಬ್ಬ ಶಿಲ್ಪಿಯು ಮೂರು ವರ್ಷ ಕೆತ್ತಿದ ವಿಗ್ರಹ ಗರ್ಭಗುಡಿಯನ್ನು ಸೇರುವ ಮುನ್ನ ದಾರಿಯ ಸೇತುವೆ ಮುರಿದು ಹೊಳೆಯಲ್ಲಿ ಮುಳುಗಿದರೆ ಅವನು ಯಾರನ್ನು ಕುರಿತು ದೂರಬೇಕು? ಸೇತುವೆಯನ್ನು ಕಟ್ಟಿದವನೂ ಅವನಷ್ಟೇ ನಿಷ್ಠೆಯಿಂದ ದುಡಿದವನು.

ದೂರದೆ ಇರುವುದನ್ನು ಕಲಿಸಿದವರು ಧವನ್ ಅವರು. 1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3ರ ಮೊದಲ ಉಡ್ಡಯನ ವಿಫಲವಾಗಿ ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ಎರಡನೆಯ ಹಂತದ ನಿಯಂತ್ರಣವ್ಯವಸ್ಥೆಯಿಂದ ನೈಟ್ರಿಕ್ ಆಮ್ಲ ಸೋರಿಹೋಗಿದ್ದಿತು. ಯೋಜನೆಯ ನಿರ್ದೇಶಕರಾಗಿದ್ದ ಅಬ್ದುಲ್ ಕಲಾಂ ಅವರನ್ನು ಪತ್ರಕರ್ತರ ಮುಂದೆ ನಿಲ್ಲಿಸದೆ, ಅಧ್ಯಕ್ಷರಾದ ಧವನ್ ಅವರೇ ನಿಂತು ಹೊಣೆಯನ್ನು ತಮ್ಮ ಮೇಲೆ ಹೊತ್ತುಕೊಂಡರು; 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ಟು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗಲಾದರೋ ಕಲಾಂ ಅವರನ್ನೇ ಮಾತಾಡಲು ಕಳುಹಿಸಿದರು. ಕಲಾಂ ಅವರು ತಮ್ಮ ಜೀವಮಾನವೆಲ್ಲ ಈ ಪ್ರಸಂಗವನ್ನು ಸ್ಮರಿಸುತ್ತಿದ್ದರು. ಇದನ್ನು ಬರಿಯ ಔದಾರ್ಯವೆಂದು ತಿಳಿದರೆ ಅರ್ಧವನ್ನಷ್ಟೇ ತಿಳಿದಂತೆ. ಮುಟ್ಟಲಾಗದ ಯಂತ್ರ ಕೆಟ್ಟಾಗ, ಅದರ ಕಾರಣ ತಿಳಿಯುವುದು ಅದರೊಡನೆ ದುಡಿದವರು ತಾವು ಮಾಡಿದುದನ್ನೂ ಮಾಡದೆ ಬಿಟ್ಟುದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರೆ ಮಾತ್ರ. ಶಿಕ್ಷೆಯ ಭಯವಿರುವಲ್ಲಿ ಯಾರೂ ಹೇಳಲಾರರು. ಪ್ರತಿಯೊಂದು ವೈಫಲ್ಯದ ಬಳಿಕವೂ ವಿಶ್ಲೇಷಣಾ ಸಮಿತಿ ಕೂಡಿ, ಕೊನೆಯ ಕ್ಷಣಗಳ ಅಂಕಿಗಳನ್ನು ಸಾಲುಸಾಲಾಗಿ ಪರಿಶೀಲಿಸಿ, ಕಾರಣವನ್ನು ಬರೆದಿಟ್ಟು, ಮುಂದಿನ ಯಂತ್ರದಲ್ಲಿ ಅದಕ್ಕೆ ಪರಿಹಾರ ಮಾಡುವ ಪದ್ಧತಿ ಆ ಕಾಲದಲ್ಲಿ ದೃಢವಾಯಿತು. 1992ರ ಮೇ 20ರಂದು ಎ.ಎಸ್.ಎಲ್.ವಿ. ಮೂರನೆಯ ಯತ್ನದಲ್ಲಿ ಗೆದ್ದುದೂ, 1994ರ ಅಕ್ಟೋಬರ್ 15ರಂದು ಪಿ.ಎಸ್.ಎಲ್.ವಿ. ಎರಡನೆಯ ಯತ್ನದಲ್ಲಿ ಗೆದ್ದುದೂ ಈ ಪದ್ಧತಿಯ ಫಲ. ಎ.ಎಸ್.ಎಲ್.ವಿ. ಗೆದ್ದ ಹೊತ್ತಿಗೆ ಅಧ್ಯಕ್ಷಸ್ಥಾನದಲ್ಲಿದ್ದವರು ಪೀಣ್ಯದ ರಾಯರೇ ಆಗಿದ್ದು, 1984ರಿಂದ 1994ರವರೆಗಿನ ಅವರ ಅವಧಿಯಲ್ಲಿ ಆ ಎರಡು ರಾಕೆಟ್ಟುಗಳ ಸೋಲುಗಳೂ ಎ.ಎಸ್.ಎಲ್.ವಿ.ಯ ಗೆಲವೂ ಒಂದರ ಹಿಂದೊಂದು ಬಂದುವು; ಪಿ.ಎಸ್.ಎಲ್.ವಿ. ಗೆದ್ದುದು ಅವರು ಆ ಸ್ಥಾನವನ್ನು ಬಿಟ್ಟ ಮೇಲೆ.

ರಾಯರ ತಂಡದಿಂದ ಬೆಳೆದ ಉಪಗ್ರಹ ಕೇಂದ್ರವು ಈ ನಡುವೆ ಪೀಣ್ಯವನ್ನು ಬಿಟ್ಟು ವಿಮಾನಪುರದ ವಿಶಾಲವಾದ ಆವರಣಕ್ಕೆ ಹೋಯಿತು. 1988ರ ಮಾರ್ಚ್ 17ರಂದು ಬೈಕನೂರಿನಿಂದ ಏರಿದ ಐ.ಆರ್.ಎಸ್.-1ಎ ತನಗೆ ಗೊತ್ತುಪಡಿಸಿದ್ದ ಆಯುಷ್ಯವನ್ನು ದಾಟಿ ವರ್ಷಾನುಗಟ್ಟಲೆ ನಮ್ಮ ಬೆಳೆಗಳನ್ನೂ ಕಾಡುಗಳನ್ನೂ ಚಿತ್ರಿಸಿತು. ಆರ್ಯಭಟವು 1992ರ ಫೆಬ್ರವರಿಯಲ್ಲಿ ವಾಯುಮಂಡಲಕ್ಕೆ ಇಳಿದು ಭಸ್ಮವಾಯಿತು. ರಾಯರು 2017ರ ಜುಲೈ 24ರಂದು ತೀರಿಕೊಂಡರು. ಮರುವರ್ಷ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ದೊಡ್ಡವರ ಚರಿತ್ರೆ ಹೀಗೆ ಫಲಕಗಳ ಮೇಲೂ ಪುಸ್ತಕಗಳಲ್ಲೂ ಉಳಿಯುತ್ತದೆ. ಆದರೆ ಭೂತಗನ್ನಡಿಯ ಕೆಳಗೆ ಬೆಸುಗೆ ಹಾಕಿದವರು, ನಿರ್ವಾತಕೋಷ್ಠದ ಬಳಿ ರಾತ್ರಿಯ ಪಾಳಿ ಕಾದವರು, ಸೌರಕೋಶಗಳನ್ನು ಒಂದೊಂದಾಗಿ ಒರೆಸಿದವರು, ಆ ಶೌಚಾಲಯದ ಕೋಣೆಯಲ್ಲಿ ಕಿವಿಗೊಟ್ಟು ಕುಳಿತವರು, ಇವರ ಅನುಭವಗಳು ಕನ್ನಡದಲ್ಲಿ ಬರಹಕ್ಕೆ ಇಳಿದುದು ತೀರ ಸಾಲದು. ಅಂದು ಇಪ್ಪತ್ತೈದರವರಾಗಿದ್ದವರು ಇಂದು ಎಪ್ಪತ್ತೈದನ್ನು ಮೀರಿದ್ದಾರೆ. ಅವರಲ್ಲಿ ಅನೇಕರು ಬೆಂಗಳೂರಿನ ಬಡಾವಣೆಗಳಲ್ಲಿ ನಮ್ಮ ನೆರೆಹೊರೆಯವರಾಗಿಯೇ ಇದ್ದಾರು. ಸಂಸ್ಥೆಯು ತನ್ನ ಯಂತ್ರಗಳ ವೈಫಲ್ಯಗಳನ್ನು ಎಷ್ಟು ಶ್ರದ್ಧೆಯಿಂದ ಬರೆದಿಟ್ಟಿತೋ ಅಷ್ಟೇ ಶ್ರದ್ಧೆಯಿಂದ ಈ ಹಿರಿಯರ ನೆನಪುಗಳನ್ನೂ ಬರೆದಿಡಬೇಕಾಗಿದೆ. ಓದುಗರ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಅಂಥವರು ಒಬ್ಬರಿದ್ದರೆ, ತಡಮಾಡದೆ ಅವರ ಬಳಿ ಹೋಗಿ ಕುಳಿತು, ಕೇಳಿ, ಬರೆದುಕೊಳ್ಳಿರಿ.